ಎಮರಾಲ್ಡಿನ ಹೊಳೆಯಲ್ಲಿ ಮಧ್ಯಾಹ್ನದ ಬಿಡುವು

ಉದಕಮಂಡಲಕ್ಕೆ ಹೋಗುವ ನಮ್ಮ ತಾಳವಾಡಿ ಸೀಮೆಯ ಪ್ರವಾಸಿಗರಲ್ಲಿ ಬಹುಮಂದಿ ಸಸ್ಯೋದ್ಯಾನವನ್ನೂ ಸರೋವರವನ್ನೂ ಕಂಡು, ವರ್ಕಿಯ ಪೊಟ್ಟಣದೊಡನೆ ಹಿಂದಿರುಗುತ್ತಾರೆ. ಅಲ್ಲಿಂದ ನೈಋತ್ಯಕ್ಕೆ ಸುಮಾರು ಇಪ್ಪತ್ತು ಕಿಲೋಮೀಟರು ಸಾಗಿದರೆ ಎಮರಾಲ್ಡ್ ಎಂಬ ಊರಿದೆ. ಚಹಾ ತೋಟಗಳು, ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಕ್ಯಾರೆಟ್ಟು ಆಲೂಗಡ್ಡೆಯ ಹೊಲಗಳು, ನಡುವೆ ಬಡಗರ ಹಟ್ಟಿಗಳು. ಅವರ ಮಾತಿಗೆ ಕಿವಿಗೊಟ್ಟರೆ ನಮ್ಮ ನುಡಿಯ ಹತ್ತಿರದ ಬಂಧುವನ್ನು ಕಂಡಂತಾಗುತ್ತದೆ. ಕುಂದಾ ಜಲವಿದ್ಯುತ್ ಯೋಜನೆಗಾಗಿ ಕೆನಡಾ ದೇಶದ ನೆರವಿನಿಂದ ನಿರ್ಮಿಸಿದ ಎಮರಾಲ್ಡ್ ಮತ್ತು ಅವಲಾಂಚಿ ಜಲಾಶಯಗಳು ಇಲ್ಲಿಯೇ ಇವೆ.

2017ರ ಮೇ ತಿಂಗಳ ರಜೆಯಲ್ಲಿ ಗುಂಡ್ಲುಪೇಟೆ, ಬಂಡೀಪುರ, ಗುಡಲೂರು ಮಾರ್ಗವಾಗಿ ನಾನು ಅಲ್ಲಿಗೆ ಹೋಗಿದ್ದೆ. ಶಿಕ್ಷಕರ ತರಬೇತಿಯಲ್ಲಿ ನನ್ನ ಸಹಪಾಠಿಯಾಗಿದ್ದ ಮಿತ್ರರೊಬ್ಬರು ಪಾಠ ಹೇಳುವ ವೃತ್ತಿಗೆ ಬಾರದೆ ಸರ್ಕಾರಿ ಗುಮಾಸ್ತರಾಗಿ ಆ ಊರಿನಲ್ಲಿ ನೆಲೆಸಿದ್ದರು. ಅವರಿಗೆ ವಿಚಿತ್ರವಾದೊಂದು ಹವ್ಯಾಸವಿತ್ತು: ಕಚೇರಿಯ ಊಟದ ಬಿಡುವಿನಲ್ಲಿ ಟ್ರೌಟ್ ಮೀನಿಗೆ ನೊಣಗಾಳ ಹಾಕುವುದು.

ಟ್ರೌಟ್ ಈ ಬೆಟ್ಟದ ಮೂಲನಿವಾಸಿಯಲ್ಲ. 1863ರಲ್ಲಿ ಫ್ರಾನ್ಸಿಸ್ ಡೇ ಎಂಬ ವೈದ್ಯರು ಅದನ್ನು ನೀಲಗಿರಿಗೆ ತರಲು ಯತ್ನಿಸಿ ವಿಫಲರಾದರು. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಎಚ್. ಸಿ. ವಿಲ್ಸನ್ ಅವರ ಪ್ರಯತ್ನ ಫಲಿಸಿತು. ಅವಲಾಂಚಿಯಲ್ಲಿ 1907ರಲ್ಲಿ ಮರಿ ಮಾಡಿಸುವ ಕೇಂದ್ರವೂ ಸ್ಥಾಪನೆಯಾಯಿತು. ಇಲ್ಲಿ ನೆಲೆಯೂರಿದ್ದು ಮೈಯುದ್ದಕ್ಕೂ ನಸುಗೆಂಪು ಪಟ್ಟೆಯುಳ್ಳ, ಕಾಮನಬಿಲ್ಲಿನ ಹೆಸರು ಹೊತ್ತ ಜಾತಿ. ಅದರ ತವರು ಉತ್ತರ ಅಮೆರಿಕದ ಪಶ್ಚಿಮ ಭಾಗದ ತಣ್ಣೀರಿನ ಹೊಳೆಗಳು. ತಣ್ಣೀರಿನಲ್ಲಿ ಪ್ರಾಣವಾಯು ಹೆಚ್ಚು ಕರಗಿರುತ್ತದೆ. ನೀರು ಕಾದರೆ ಈ ಮೀನು ಏದುಸಿರು ಬಿಡುತ್ತದೆ. ಆದಕಾರಣವೇ ಅದು ಸಮುದ್ರಮಟ್ಟದಿಂದ ಸುಮಾರು ಎರಡು ಸಾವಿರ ಮೀಟರು ಎತ್ತರದ ಈ ಹೊಳೆಗಳಲ್ಲಿ ಬದುಕಿತು.

ನಮ್ಮ ಕೆರೆಯಂಚಿನ ಎರೆಹುಳದ ಗಾಳಕ್ಕೂ ಇದಕ್ಕೂ ಬಹಳ ಅಂತರವಿದೆ. ಗಾಳದ ಕೊಕ್ಕೆಗೆ ಗರಿ, ದಾರಗಳನ್ನು ಸುತ್ತಿ ನೊಣದಂತೆಯೋ ನೀರಹುಳದಂತೆಯೋ ತೋರುವ ಆಕೃತಿಯನ್ನು ಮಾಡುತ್ತಾರೆ. ಅದಕ್ಕೆ ತೂಕವೇ ಇಲ್ಲ. ಎಸೆಯಲು ತೂಕ ಕೊಡುವುದು ದಪ್ಪನೆಯ ದಾರ. ಕೋಲನ್ನು ಹಿಂದಕ್ಕೆ ಬೀಸಿ, ದಾರ ಬೆನ್ನ ಹಿಂದೆ ಪೂರ್ತಿ ಚಾಚಿಕೊಳ್ಳುವವರೆಗೆ ತಡೆದು, ಆಮೇಲೆ ಮುಂದಕ್ಕೆ ಬೀಸಬೇಕು. ಆತುರಪಟ್ಟರೆ ದಾರ ಕಾಲಬುಡದಲ್ಲಿಯೇ ಕುಸಿಯುತ್ತದೆ. ಸಮಯವಿಲ್ಲದವನಿಗೆ ಸಾವಧಾನವನ್ನು ಕಲಿಸುವ ವಿದ್ಯೆ ಇದು.

ಗಂಟೆ ಬಾರಿಸಿಯೇ ತಲೆ ನರೆತ ನಾನು ಮಿತ್ರರ ಬಿಡುವಿನ ಲೆಕ್ಕ ಹಾಕಿದೆ. ಒಂದರಿಂದ ಎರಡರವರೆಗೆ ಅರವತ್ತು ನಿಮಿಷ. ಹೊಳೆಗೆ ಹೋಗಿ ಬರಲು ಇಪ್ಪತ್ತು, ಮೊಸರನ್ನಕ್ಕೆ ಎಂಟು, ನಾಲ್ಕು ತುಂಡಿನ ಕೋಲನ್ನು ಜೋಡಿಸಲು ಮತ್ತು ಬಿಚ್ಚಲು ಐದು. ಉಳಿದದ್ದು ಇಪ್ಪತ್ತೇಳು. ಅದರಲ್ಲಿಯೂ ನಡುಮಧ್ಯಾಹ್ನ ಗಾಳಕ್ಕೆ ಅತಿ ಕೆಟ್ಟ ಹೊತ್ತು. ಹಿಂದಿನ ವರ್ಷದ ಹಿಂಗಾರು ಕೈಕೊಟ್ಟಿದ್ದರಿಂದ ಹೊಳೆ ಸಣ್ಣಗೆ ಹರಿಯುತ್ತಿತ್ತು. ತಳದ ಕಲ್ಲುಗಳನ್ನು ಎಣಿಸಬಹುದಾಗಿತ್ತು.

"ಸಂಜೆ ಬಂದರೆ ಆಗದೇ?" ಎಂದೆ.

"ಸಂಜೆ ನನ್ನದಲ್ಲ ಮೇಷ್ಟ್ರೇ," ಎಂದರು.

ಅವರ ತಾಯಿ ನಾಲ್ಕು ವರ್ಷಗಳಿಂದ ಹಾಸಿಗೆ ಹಿಡಿದಿದ್ದರು. ಹಗಲಿನಲ್ಲಿ ನೆರೆಯ ಹೆಂಗಸೊಬ್ಬಳು ನೋಡಿಕೊಳ್ಳುತ್ತಿದ್ದಳು. ಕಚೇರಿ ಮುಗಿದೊಡನೆ ಮಿತ್ರರು ಮನೆ ಸೇರಬೇಕು. ಸ್ನಾನ, ಊಟ, ಔಷಧಿ, ರಾತ್ರಿ ಎರಡು ಬಾರಿ ಮಗ್ಗುಲು ತಿರುಗಿಸುವುದು, ಎಲ್ಲವೂ ಅವರದೇ. ರಜಾದಿನಗಳೂ ಹಾಗೆಯೇ.

ಅವರು ಬಿಸಿಲಿನ ಮಡುವನ್ನು ಬಿಟ್ಟು, ಪೊದೆ ಬಾಗಿ ನೆರಳು ಬಿದ್ದಿದ್ದ ದಡದ ಕೆಳಗೆ ಹೋದರು. ಮೀನು ಸೆಳವಿಗೆ ಎದುರಾಗಿ ನಿಲ್ಲುವುದರಿಂದ ಹಿಂದಿನಿಂದ, ತಮ್ಮ ನೆರಳು ನೀರಿನ ಮೇಲೆ ಬೀಳದಂತೆ ಬಾಗಿ ನಡೆದರು. ಮೇಲೆ ತೇಲುವ ನೊಣವನ್ನು ಬಿಟ್ಟು, ಮುಳುಗುವ ಹುಳದಂಥದನ್ನು ಕಟ್ಟಿದರು. ನನ್ನ ಕಣ್ಣು ಗಡಿಯಾರದ ಮೇಲಿತ್ತು, ಅವರದು ನೀರಿನ ಮೇಲೆ. ಹತ್ತೊಂಬತ್ತನೆಯ ನಿಮಿಷದಲ್ಲಿ ದಾರ ಸೆಟೆಯಿತು. ಬಂದದ್ದು ಗೇಣುದ್ದದ ಮೀನು. ಕೈಯನ್ನು ಮೊದಲು ನೀರಿನಲ್ಲಿ ಅದ್ದಿಕೊಂಡು ಅದನ್ನು ಹಿಡಿದರು. ಒಣಗೈ ತಗುಲಿದರೆ ಮೈಯ ಲೋಳೆ ಕಿತ್ತುಹೋಗಿ ಮೀನಿಗೆ ರೋಗ ತಗಲುತ್ತದೆಯಂತೆ. ಕೊಕ್ಕೆಯ ಮುಳ್ಳನ್ನು ಇಕ್ಕಳದಿಂದ ಮೊದಲೇ ಅದುಮಿಟ್ಟಿದ್ದರಿಂದ ಅದು ಸುಲಭವಾಗಿ ಕಳಚಿತು. ಸೆಳವಿಗೆ ಮುಖ ಮಾಡಿ ಹಿಡಿದು, ಕಿವಿರು ಆಡತೊಡಗಿದ ಮೇಲೆ ಬಿಟ್ಟರು. ಎರಡಕ್ಕೆ ಎರಡು ನಿಮಿಷವಿರುವಾಗ ಕಚೇರಿಯ ಮೆಟ್ಟಿಲೇರಿದರು.

ಬರಿಗೈಯಲ್ಲಿ ಮರಳುವುದಕ್ಕೆ ಇಷ್ಟು ಶ್ರಮವೇಕೆಂಬ ಪ್ರಶ್ನೆ ನನ್ನಲ್ಲಿ ಉಳಿದಿತ್ತು. ಅದಕ್ಕೆ ಉತ್ತರ ಆ ಸಂಜೆ ಅವರ ಮನೆಯಲ್ಲಿ ದೊರೆಯಿತು. ಬಾಗಿಲ ಸದ್ದಾದೊಡನೆ ಒಳಗಿನಿಂದ ಕ್ಷೀಣವಾದ ದನಿ ಬಂತು: "ಇವತ್ತು ಬಂತೇನಪ್ಪಾ?"

"ಬಂತಮ್ಮಾ, ಪೊದೆಯ ಕೆಳಗಿನದು. ಬಿಟ್ಟುಬಿಟ್ಟೆ."

"ಒಳ್ಳೇದಾಯ್ತು. ನೀರು ಇನ್ನೂ ಇಳಿದಿದೆಯಾ?"

ನಾಲ್ಕು ವರ್ಷಗಳಿಂದ ಹೊಸ್ತಿಲು ದಾಟದ ಆ ತಾಯಿಗೆ ಹೊಳೆಯ ಒಂದೊಂದು ತಿರುವೂ ತಿಳಿದಿತ್ತು. ಬಂಡೆಯ ಮಡು, ಮುರಿದ ಮರದ ಮಡು, ಮಳೆ ಬಂದ ದಿನದ ಕೆಂಪು ನೀರು, ಎಲ್ಲವನ್ನೂ ಅವರು ಕೇಳಿ ಕೇಳಿ ಬಲ್ಲವರಾಗಿದ್ದರು. ಮಗ ದಿನಕ್ಕೆ ಇಪ್ಪತ್ತೇಳು ನಿಮಿಷ ದಡದಲ್ಲಿ ನಿಂತು ತರುತ್ತಿದ್ದುದು ಅದನ್ನೇ. ಗಂಜಿ ತಣ್ಣಗಾಗುವವರೆಗೆ ತಾಯಿ ಮಗ ಇಬ್ಬರೂ ನೀರಿನ ಮಾತನ್ನೇ ಆಡಿಕೊಳ್ಳುತ್ತಿದ್ದರು.