ಹಿತ್ತಲ ಬ್ಯಾರಲ್ಲು

ಸರ್ವಜ್ಞನ ಊರೆಂದು ಹೆಸರಾದ ಅಬಲೂರಿನಲ್ಲಿ ಮಾಸ್ತರನ ಮಾತಿಗೆ ಇನ್ನೂ ಬೆಲೆಯಿದೆ. ಆ ಬೆಲೆಯನ್ನು ನಾನು ಹೇಗೆ ಕಳೆದೆ ಎಂಬುದನ್ನು ಹೇಳಿಬಿಡುತ್ತೇನೆ.

ಕಳೆದ ಮಳೆಗಾಲದಲ್ಲಿ ಆಶಾ ಕಾರ್ಯಕರ್ತೆ ಮೊಬೈಲು ಹಿಡಿದು ಲಾರ್ವಾ ಸಮೀಕ್ಷೆಗೆಂದು ಮನೆಗೆ ಬಂದಳು. ನನ್ನ ಕೈಯಲ್ಲೇ ಕಲಿತ ಹುಡುಗಿ. ನಾನು ಕಟ್ಟೆಯ ಮೇಲೆ ಪೇಪರು ಓದುತ್ತಿದ್ದೆ.

'ಸರ್ರ, ಹಿತ್ತಲದಾಗ ನೀರು ತುಂಬಿಟ್ಟದ್ದು ಏನರ ಐತೇನ್ರಿ?'

'ಮಾಸ್ತರ ಮನ್ಯಾಗ ಹುಳ ಇರ್ತಾವೇನವಾ? ಎಲ್ಲಾ ಸ್ವಚ್ಛ ಐತಿ, ಬರಕೋ' ಎಂದೆ, ಏಳಲು ಬೇಸರವಾಗಿ.

ಗುರುವಿನ ಮಾತು ನಂಬಿ ಬರೆದುಕೊಂಡು ಹೋದಳು.

ಎರಡು ವಾರ ಕಳೆದಿತ್ತು. ಪಕ್ಕದ ಮನೆಯ ಏಳನೇ ಇಯತ್ತೆಯ ಹುಡುಗಿಗೆ ಜ್ವರ ಬಂತು. ರಕ್ತ ಪರೀಕ್ಷೆ ಡೆಂಗಿ ಎಂದಿತು. ಮರುದಿನವೇ ಆಶಾ ಮತ್ತೆ ಬಂದಳು. ಈ ಸಲ ನನ್ನನ್ನು ಕೇಳದೆ ಸೀದಾ ಹಿತ್ತಲಿಗೆ ಹೋಗಿ, ಬ್ಯಾರಲ್ಲಿನ ಮೇಲಿನ ಹರಕು ಗೋಣಿಚೀಲ ಸರಿಸಿ ಬ್ಯಾಟರಿ ಬಿಟ್ಟಳು. ನೀರಿನಲ್ಲಿ ಹುಳಗಳು ಡೊಂಕುಡೊಂಕಾಗಿ ಕುಣಿಯುತ್ತಿದ್ದವು.

'ಹಿಂದಿನ ಸಲ ನಿಮ್ಮ ಮನಿಗೆ "ಇಲ್ಲ" ಅಂತ ಬರದೇನ್ರಿ ಸರ್ರ' ಎಂದಳು ಮೆಲ್ಲಗೆ.

ಆ ಹುಡುಗಿಯನ್ನು ಕಚ್ಚಿದ್ದು ನಮ್ಮ ಬ್ಯಾರಲ್ಲಿನ ಸೊಳ್ಳೆಯೇ ಎಂದು ಯಾರೂ ಹೇಳಲಾರರು. ಅಲ್ಲ ಎನ್ನಲು ನನಗೂ ಧೈರ್ಯವಿಲ್ಲ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಹುಟ್ಟಿದ ಜಾಗದಿಂದ ಸಾಮಾನ್ಯವಾಗಿ 400 ಮೀಟರಿನಾಚೆ ಹಾರುವುದಿಲ್ಲ.

ನಾನು ಬರೆಸಿದ ಆ ಒಂದು 'ಇಲ್ಲ'ದ ತೂಕ ತಿಳಿದದ್ದು ಮಂಗಳೂರಿನ ಸಂಗತಿ ಓದಿದಾಗ. ಅಲ್ಲಿ 2015ರಲ್ಲಿ ಮಲೇರಿಯಾ ತಡೆಗೆಂದು ಆರೋಗ್ಯ ಕಾರ್ಯಕರ್ತರ ಕೈಗೆ ಟ್ಯಾಬ್ ಕೊಟ್ಟರು. ಮೊದಲು ಪರೀಕ್ಷೆಯ ವರದಿ ಕಾಗದದ ಮೇಲೆ ಸುತ್ತಾಡಿ ರೋಗಿಯ ಮನೆ ಮುಟ್ಟುವಷ್ಟರಲ್ಲಿ ದಿನಗಳು ಉರುಳುತ್ತಿದ್ದವು. ಟ್ಯಾಬ್ ಬಂದ ಮೇಲೆ ಆಸ್ಪತ್ರೆ, ಪ್ರಯೋಗಾಲಯಗಳ ವರದಿ ಬೇಗನೆ ಕಾರ್ಯಕರ್ತರಿಗೆ ಸಿಕ್ಕಿತು. ಮನೆಯ ಗುರುತು ನಕಾಶೆಯಲ್ಲಿ ಮೂಡಿತು. ಸುತ್ತಲಿನ ಮನೆಗಳಲ್ಲೂ ತಪಾಸಣೆ ನಡೆಯಿತು. ಐದು ವರ್ಷಗಳಲ್ಲಿ ಪ್ರಕರಣಗಳು ಮುಕ್ಕಾಲು ಪಾಲಿಗಿಂತ ಹೆಚ್ಚು ಇಳಿದವು. ಮೊಟ್ಟೆ ಸೊಳ್ಳೆಯಾಗಲು 7ರಿಂದ 10 ದಿನ ಸಾಕು. ಹಾಗಾಗಿ ಉಳಿಸಿದ ಒಂದೊಂದು ದಿನವೂ ಲೆಕ್ಕಕ್ಕೆ ಬರುತ್ತದೆ.

ಆದರೆ ಯಂತ್ರಕ್ಕೆ ಗೊತ್ತಾಗುವುದು ನಾವು ಹೇಳಿದಷ್ಟೇ. ಮುಚ್ಚಿಟ್ಟ ಜ್ವರ, ತೋರಿಸದ ಬ್ಯಾರಲ್ಲು ಯಾವ ನಕಾಶೆಯಲ್ಲೂ ಮೂಡುವುದಿಲ್ಲ. ಸುಳ್ಳು ಬರೆಸಿದ ಮನೆಯನ್ನು ಅದು ಸುರಕ್ಷಿತವೆಂದೇ ತಿಳಿದು, ಕಾರ್ಯಕರ್ತರನ್ನು ಬೇರೆಡೆಗೆ ಕಳಿಸುತ್ತದೆ.

2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟ ಹಳ್ಳಿಯ ಮನೆಗಳಿಗೆ 200 ರೂಪಾಯಿ ದಂಡ ಗೊತ್ತುಮಾಡಿತ್ತು. ನನಗೆ ಯಾರೂ ದಂಡ ಹಾಕಲಿಲ್ಲ. ಹುಡುಗಿ ಗುಣವಾಗಿ, ಸೊರಗಿದ ಮುಖದಲ್ಲೇ ಶಾಲೆಗೆ ಬಂದಳು. ಹಾಜರಿ ಕರೆದಾಗ ಅವಳು 'ಹಾಜರ್ ಸರ್' ಎಂದದ್ದು ಕೇಳಿ ನನಗೆ ಪುಸ್ತಕದಿಂದ ತಲೆ ಎತ್ತಲಾಗಲಿಲ್ಲ.

ಈಗ ಪ್ರತಿ ರವಿವಾರ ನಮ್ಮ ಬ್ಯಾರಲ್ಲು ಖಾಲಿಯಾಗುತ್ತದೆ. ನೀರು ಚೆಲ್ಲಿದರೆ ಸಾಲದು. ಒಳಗೋಡೆಗೆ ಅಂಟಿದ ಮೊಟ್ಟೆಗಳು ಒಣಗಿದರೂ ತಿಂಗಳುಗಟ್ಟಲೆ ಬದುಕುತ್ತವೆ. ತೆಂಗಿನ ನಾರು ಹಿಡಿದು ನಾನೇ ತಿಕ್ಕುತ್ತೇನೆ. ಮಗ ನೀರು ಹಾಕುತ್ತಾನೆ. ಆಶಾ ಬಂದರೆ ಎದ್ದು ಹೋಗಿ ಹಿತ್ತಲ ಬಾಗಿಲು ತೆಗೆಯುತ್ತೇನೆ.

ಮೊನ್ನೆ ಅವಳು ಬಗ್ಗಿ ನೋಡಿ, ಮೊಬೈಲಿನಲ್ಲಿ 'ಇಲ್ಲ' ಎಂದು ಬರೆದುಕೊಂಡಳು. ಈ ಸಲ ಅದು ಅವಳೇ ಕಣ್ಣಾರೆ ನೋಡಿ ಬರೆದದ್ದು.