ಎಬ್ಬಿಸುವವರು

ಶೀಲಸಂವರ್ಧನೆಯನ್ನು ಬೋಧಿಸುವ ಗ್ರಂಥಗಳಲ್ಲಿ ಮಹಾಪುರುಷರೆಲ್ಲರೂ ಬೆಳಗಿನ ಜಾವದಲ್ಲಿಯೇ ಏಳುತ್ತಾರೆ. ಎದ್ದವರು ಸ್ನಾನ ಮಾಡಿ, ವಾಯುಸೇವನೆಗೆ ಹೋಗಿಬಂದು, ಲೋಕವಿನ್ನೂ ಮುಸುಕೆಳೆದುಕೊಂಡು ಮಲಗಿರುವಾಗಲೇ ಅರ್ಧ ದಿವಸದ ಕಾರ್ಯವನ್ನು ಪೂರೈಸಿ, ನಮ್ಮಂತಹ ಸಾಮಾನ್ಯರು ಹಲ್ಲುಜ್ಜುವ ವೇಳೆಗೆ ಅಮರತ್ವದ ಕಡೆಗೆ ಒಂದು ಹೆಜ್ಜೆ ಮುಂದುವರಿದಿರುತ್ತಾರೆ. ಅಂತಹ ಗ್ರಂಥಗಳಲ್ಲಿ ನನಗೆ ಅಗೌರವವೇನೂ ಇಲ್ಲ. ಆದರೆ ಅವನ್ನು ಓದುವಾಗಲೆಲ್ಲ ಒಂದು ಸಂದೇಹ ತಲೆಯೆತ್ತುತ್ತದೆ: ಈ ಮಹನೀಯರನ್ನು ಎಬ್ಬಿಸಿದವರು ಯಾರು?

ವಾಗ್ಭಟನ ಅಷ್ಟಾಂಗಹೃದಯದ ಎರಡನೆಯ ಅಧ್ಯಾಯಕ್ಕೆ ದಿನಚರ್ಯೆಯೆಂದೇ ಹೆಸರು. ಆರೋಗ್ಯವಂತನಾದವನು ಬ್ರಾಹ್ಮೀ ಮುಹೂರ್ತದಲ್ಲಿ, ಎಂದರೆ ಸೂರ್ಯೋದಯಕ್ಕೆ 96 ನಿಮಿಷಗಳಿರುವಾಗ ಮೊದಲಾಗಿ 48 ನಿಮಿಷಗಳವರೆಗೆ ಇರುವ ಆ ಕಾಲದಲ್ಲಿ, ಏಳತಕ್ಕದ್ದೆಂದು ಅದರ ಆರಂಭ. ಅಲ್ಲಿಂದ ಮುಂದೆ ದಂತಧಾವನ, ಅಂಜನ, ಅಭ್ಯಂಗ, ವ್ಯಾಯಾಮ, ಸ್ನಾನಗಳನ್ನು, ಯಾರು ಯಾವಾಗ ಮಾಡಬೇಕು, ಯಾರು ಮಾಡಬಾರದು ಎಂಬ ವಿವೇಚನೆಯೊಡನೆ ನಿರೂಪಿಸುತ್ತ ಹೋಗುವ ಆಚಾರ್ಯನು, ಎಲ್ಲಕ್ಕಿಂತ ಕಷ್ಟದ ಮೊದಲ ಕಾರ್ಯದ ವಿಷಯದಲ್ಲಿ ಮಾತ್ರ ವಿಧಿಯನ್ನಿತ್ತು ಉಪಾಯವನ್ನು ಹೇಳದೆ ಮುಂದೆ ಸಾಗಿಬಿಡುತ್ತಾನೆ. ಪ್ರಾಯಶಃ ಅವನ ಮನೆಯಲ್ಲಿ ಉಪಾಯವು ಪ್ರತ್ಯಕ್ಷವಾಗಿಯೇ ಓಡಾಡಿಕೊಂಡಿದ್ದಿರಬೇಕು.

ಈ ಉಪಾಯವನ್ನು ಬಾಯಿಬಿಟ್ಟು ಹೇಳಿದವನು ಆಂಗ್ಲ ಕಾದಂಬರಿಕಾರ ಆಂಟನಿ ಟ್ರಾಲಪ್. 1834ರಿಂದ 1867ರವರೆಗೆ ಅಂಚೆಯ ಇಲಾಖೆಯಲ್ಲಿ ಉದ್ಯೋಗಿಯಾಗಿದ್ದು, ಇಲಾಖೆಯ ಕೆಲಸಕ್ಕೆಂದು ಊರೂರು ಸುತ್ತುತ್ತ, ಋತು ಬಂದಾಗ ಕುದುರೆಯೇರಿ ನರಿಬೇಟೆಗೂ ಹೋಗುತ್ತ, ಆತನು 47 ಕಾದಂಬರಿಗಳನ್ನು ಬರೆದನು. ಬೆಳಗ್ಗೆ ಐದೂವರೆಗೆ ಮೇಜಿನ ಮುಂದೆ ಕುಳಿತು, ಗಡಿಯಾರವನ್ನು ಕಣ್ಣೆದುರಿಗಿಟ್ಟುಕೊಂಡು, ಕಾಲು ಗಂಟೆಗೆ 250 ಪದಗಳಂತೆ ಬರೆಯುವುದು ಅವನ ಪದ್ಧತಿ. ಎಷ್ಟು ಪುಟಗಳಾದುವೆಂಬುದನ್ನು ಪ್ರತಿದಿನವೂ ಒಂದು ಪುಸ್ತಕದಲ್ಲಿ ಗುರುತುಹಾಕಿಕೊಳ್ಳುತ್ತಿದ್ದನು. ಪುಟಗಳು ಕಡಿಮೆಬಿದ್ದ ವಾರವು ತನ್ನ ಕಣ್ಣನ್ನೇ ಚುಚ್ಚುತ್ತಿತ್ತೆಂದು ಹೇಳಿಕೊಂಡಿದ್ದಾನೆ. ‘ಡಾಕ್ಟರ್ ಥಾರ್ನ್’ ಎಂಬ ಕಾದಂಬರಿಯನ್ನು ಮುಗಿಸಿದ ಮರುದಿನವೇ ಇನ್ನೊಂದನ್ನು ಆರಂಭಿಸಿದನು. ಅವನ ಆತ್ಮಕಥೆಯು ಅವನು ತೀರಿಕೊಂಡ ಮರುವರ್ಷ, 1883ರಲ್ಲಿ, ಪ್ರಕಟವಾಗಿ ಈ ಲೆಕ್ಕಾಚಾರವೆಲ್ಲ ಹೊರಬಿದ್ದಾಗ, ಕವಿಪ್ರತಿಭೆಯೆಂಬುದು ಗಡಿಯಾರಕ್ಕೆ ಅಧೀನವಾಗಲಾರದೆಂದು ಭಾವಿಸಿದ್ದ ರಸಿಕರು ಬಹಳವಾಗಿ ಬೇಸರಗೊಂಡರು.

ಆದರೆ ಅವರ ಕಣ್ಣಿಗೆ ಬೀಳದೆ ಹೋದ ಒಂದು ಸಂಗತಿ ಅದೇ ಆತ್ಮಕಥೆಯಲ್ಲಿದೆ. ವಾಲ್ಥಮ್ ಕ್ರಾಸಿನ ಅವನ ಮನೆಯಲ್ಲಿ ಕುದುರೆ ನೋಡಿಕೊಳ್ಳುವ ವೃದ್ಧನೊಬ್ಬನಿದ್ದನು. ಹೊತ್ತಿಗೆ ಸರಿಯಾಗಿ ಯಜಮಾನನನ್ನು ಎಬ್ಬಿಸಿ ಕಾಫಿ ಕೊಡುವ ಕೆಲಸಕ್ಕಾಗಿ ಅವನಿಗೆ ಸಂಬಳದ ಮೇಲೆ ವರ್ಷಕ್ಕೆ ಐದು ಪೌಂಡುಗಳು ಸಲ್ಲುತ್ತಿದ್ದುವು. ಅಷ್ಟು ವರ್ಷಗಳಲ್ಲಿ ಆ ಮುದುಕನು ಒಂದು ದಿನವಾದರೂ ತಡಮಾಡಲಿಲ್ಲವೆಂದೂ, ತನ್ನ ಯಶಸ್ಸಿನ ಋಣ ಬೇರೆ ಯಾರಿಗಿಂತಲೂ ಅವನಿಗೇ ಹೆಚ್ಚಾಗಿ ಸಲ್ಲಬೇಕೇನೋ ಎಂದೂ ಟ್ರಾಲಪ್ ಬರೆದಿದ್ದಾನೆ. ಇದನ್ನು ಓದಿದಂದಿನಿಂದ ಆ ಮುದುಕನೇ ನನ್ನ ಮನಸ್ಸನ್ನು ತುಂಬಿಕೊಂಡಿದ್ದಾನೆ. ಐದೂವರೆಗೆ ಯಜಮಾನನು ಲೇಖನಿ ಹಿಡಿಯಬೇಕಾದರೆ ಐದಕ್ಕೆ ಕಾಫಿ ಸಿದ್ಧವಾಗಬೇಕು. ಅದಕ್ಕೂ ಮೊದಲು ಬೆಂಕಿ ಹೊತ್ತಬೇಕು. ಅದಕ್ಕೂ ಮೊದಲು, ಇಂಗ್ಲೆಂಡಿನ ಮಾಘದ ಚಳಿಯಲ್ಲಿ, ವಯಸ್ಸಾದ ಎರಡು ಕಾಲುಗಳು ಹಾಸಿಗೆಯಿಂದ ನೆಲಕ್ಕಿಳಿಯಬೇಕು. ಅವನನ್ನು ಎಬ್ಬಿಸುವುದಕ್ಕೆ ಯಾರಿಗೂ ಸಂಬಳವಿರಲಿಲ್ಲ. ಕಾದಂಬರಿಗಳು ಯಜಮಾನನವಾದರೂ ನಿಯಮಪಾಲನೆಯಲ್ಲಿ ಹೆಚ್ಚಿನ ಪಾಲು ಸೇವಕನದೇ ಎನ್ನಬೇಕು.

ತತ್ತ್ವಜ್ಞಾನಿ ಕಾಂಟನ ವೃತ್ತಾಂತವೂ ಇದಕ್ಕೆ ದೂರವಾದುದಲ್ಲ. ಕೋನಿಗ್ಸ್‌ಬರ್ಗಿನ ನಾಗರಿಕರು ಅವನ ಸಂಚಾರವನ್ನು ನೋಡಿ ಗಡಿಯಾರ ಸರಿಪಡಿಸಿಕೊಳ್ಳುತ್ತಿದ್ದರೆಂಬ ಕಥೆ ನಮ್ಮ ಶಾಲಾಪಾಠಗಳವರೆಗೂ ಬಂದಿದೆ. ಹಿಂದೆ ಸೈನಿಕನಾಗಿದ್ದ ಮಾರ್ಟಿನ್ ಲಾಂಪೆ ಎಂಬ ಅವನ ಸೇವಕನು ದಿನವೂ ಐದಕ್ಕೆ ಐದು ನಿಮಿಷಗಳಿರುವಾಗ ಕೋಣೆಗೆ ಬಂದು ಹೊತ್ತಾಯಿತೆಂದು ಕೂಗುತ್ತಿದ್ದುದೂ, ತಾನೇ ಬೇಡಿಕೊಂಡರೂ ಮಲಗಗೊಡಕೂಡದೆಂದು ಯಜಮಾನನಿಂದಲೇ ಅವನಿಗೆ ಕಟ್ಟಪ್ಪಣೆಯಿದ್ದುದೂ ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ. ಮೂವತ್ತು ವರ್ಷಗಳಲ್ಲಿ ತನ್ನನ್ನು ಎರಡನೆಯ ಸಲ ಕೂಗಬೇಕಾದ ಪ್ರಸಂಗವುಂಟೇ ಎಂದು ಅತಿಥಿಗಳೆದುರಿಗೆ ಕಾಂಟನು ಅವನನ್ನೇ ಸಾಕ್ಷಿ ಕೇಳುವುದುಂಟು. ಇಲ್ಲವೆಂದು ಅವನು ವಿನಯದಿಂದ ಹೇಳುವುದುಂಟು. ಆ ಮೂವತ್ತು ವರ್ಷ ಲಾಂಪೆಯನ್ನು ಯಾರು ಕೂಗಿದರೆಂದು ಕೇಳಲು ಅತಿಥಿಗಳಿಗೂ ತೋಚಿದಂತಿಲ್ಲ. 1802ರಲ್ಲಿ ಈ ಸೇವಕನನ್ನು ಕೆಲಸದಿಂದ ಬಿಡಿಸಬೇಕಾಗಿ ಬಂತು. ಹೊಸಬನನ್ನೂ ಹಳೆಯ ಹೆಸರಿನಿಂದಲೇ ಕರೆದುಬಿಡುತ್ತಿದ್ದ ಆ ವೃದ್ಧ ತತ್ತ್ವಜ್ಞಾನಿಯು, ಲಾಂಪೆಯ ಹೆಸರನ್ನು ಇನ್ನು ಸಂಪೂರ್ಣವಾಗಿ ಮರೆಯತಕ್ಕದ್ದೆಂದು ನೆನಪಿನ ಚೀಟಿಯಲ್ಲಿ ಬರೆದಿಟ್ಟುಕೊಂಡನಂತೆ. ಶುದ್ಧ ಬುದ್ಧಿಯ ಮಿತಿಗಳನ್ನು ಲೋಕಕ್ಕೆ ತಿಳಿಸಿಕೊಟ್ಟವನು ಮರೆಯುವುದಕ್ಕೆ ಜ್ಞಾಪಕಪತ್ರವನ್ನು ಬರೆದನೆಂದರೆ ಅಭ್ಯಾಸದ ಬಲವನ್ನು ಬೇರೆಯಾಗಿ ವರ್ಣಿಸಬೇಕಾಗಿಲ್ಲ.

ಇದೆಲ್ಲ ಸಂಕಲ್ಪಶಕ್ತಿಗೆ ಅವಮಾನವೆಂದು ಯಾರಾದರೂ ಆಕ್ಷೇಪಿಸಬಹುದು. ನನಗೆ ಹಾಗೆ ತೋರುವುದಿಲ್ಲ. ರಾತ್ರಿ ಹತ್ತು ಗಂಟೆಗೆ, ಊಟವಾಗಿ ದೀಪದ ಮುಂದೆ ಕುಳಿತು ನಾಳೆಯಿಂದ ಬೇಗನೆ ಏಳುವೆನೆಂದು ಪ್ರತಿಜ್ಞೆ ಮಾಡುವವನೂ, ಬೆಳಗ್ಗೆ ಐದು ಗಂಟೆಗೆ ಅದನ್ನು ನೆರವೇರಿಸಬೇಕಾದವನೂ ಒಬ್ಬನೇ ಎಂದು ನಾವು ನಂಬಿಕೊಂಡಿರುವುದೇ ಎಲ್ಲ ವ್ರತಭಂಗಗಳಿಗೂ ಮೂಲ. ಮೊದಲನೆಯವನು ಧೀರೋದಾತ್ತ, ಎರಡನೆಯವನು ವಕೀಲ. ಚಳಿ, ಸಣ್ಣ ತಲೆನೋವು, ನಿನ್ನೆ ಮಲಗಿದ್ದು ತಡವಾಯಿತೆಂಬುದು, ನಾಳೆಯೂ ಒಂದು ದಿನವಲ್ಲವೇ ಎಂಬುದು, ಹೀಗೆ ಅವನ ವಾದಕ್ಕೆ ಕೊನೆಯಿಲ್ಲ. ಟ್ರಾಲಪನ ಮತ್ತು ಕಾಂಟನ ಜಾಣತನವೆಂದರೆ, ರಾತ್ರಿಯ ಧೀರನು ಬಲವಾಗಿರುವಾಗಲೇ ಬೆಳಗಿನ ವಕೀಲನಿಗೆ ವಾದಕ್ಕೆ ಅವಕಾಶವಿಲ್ಲದಂತೆ ಮೂರನೆಯವನೊಬ್ಬನ ಕೈಗೆ ಅಧಿಕಾರವನ್ನು ಒಪ್ಪಿಸಿಬಿಟ್ಟದ್ದು.

ಏಕಾಂಗಿಯಾಗಿ ಸಾಧಿಸಹೊರಟವನು ಬೆಂಜಮಿನ್ ಫ್ರಾಂಕ್ಲಿನ್. ಸದ್ಗುಣಗಳ ಪಟ್ಟಿಯೊಂದನ್ನು ಮಾಡಿ, ವಾರಕ್ಕೊಂದರಂತೆ ಹದಿಮೂರು ವಾರಗಳಲ್ಲಿ ಒಂದು ಆವೃತ್ತಿಯನ್ನು ಮುಗಿಸುತ್ತ, ತಪ್ಪಿದಾಗಲೆಲ್ಲ ಪುಸ್ತಕದಲ್ಲಿ ಕಪ್ಪು ಚುಕ್ಕೆಯನ್ನಿಡುತ್ತಿದ್ದನು. ಅಳಿಸಿ ಅಳಿಸಿ ಕಾಗದವೇ ತೂತುಬೀಳಲಾಗಿ, ಒದ್ದೆ ಸ್ಪಂಜಿನಿಂದ ಒರಸಬಹುದಾದ ದಂತದ ಹಾಳೆಗಳಿಗೆ ಬದಲಾಯಿಸಿದನಂತೆ. ವಸ್ತುಗಳನ್ನೂ ವೇಳೆಯನ್ನೂ ಕ್ರಮದಲ್ಲಿಡುವ ಗುಣ ಮಾತ್ರ ಕಡೆಯವರೆಗೂ ಕೈಗೆ ಹತ್ತಲಿಲ್ಲವೆಂದು ಅವನೇ ಒಪ್ಪಿಕೊಂಡಿದ್ದಾನೆ. ಅವನ ಪಟ್ಟಿಯಲ್ಲಿ ಮೊದಲು ಹನ್ನೆರಡೇ ಗುಣಗಳಿದ್ದುವು. ಜನ ನಿನ್ನನ್ನು ಗರ್ವಿಷ್ಠನೆಂದು ಆಡಿಕೊಳ್ಳುತ್ತಾರೆಂದು ಕ್ವೇಕರ್ ಪಂಥದ ಮಿತ್ರನೊಬ್ಬನು ತಿಳಿಸಿದ ಮೇಲೆ ವಿನಯವು ಹದಿಮೂರನೆಯದಾಗಿ ಬಂದು ಸೇರಿತು. ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವವನ ಕಣ್ಣಿಗೆ ಆ ಒಂದು ದೋಷ ಬಿದ್ದಿರಲಿಲ್ಲ.

ನಮ್ಮಲ್ಲಿ ಸಾಕ್ಷಾತ್ ಭಗವಂತನಿಗೂ ಎಬ್ಬಿಸುವವರು ಬೇಕು. ತಿರುಮಲೆಯಲ್ಲಿ ಸ್ವಾಮಿಗೆ ನಿತ್ಯವೂ ಸುಪ್ರಭಾತ ಸೇವೆಯಾಗುತ್ತದೆ. ಆ ಸ್ತೋತ್ರದ ಮೊದಲ ಶ್ಲೋಕವು ವಿಶ್ವಾಮಿತ್ರನು ಬಾಲಕನಾದ ರಾಮನನ್ನು ಎಚ್ಚರಿಸುವ ಸಂದರ್ಭದ್ದು, ರಾಮಾಯಣದಿಂದಲೇ ಬಂದದ್ದು. ಧನುರ್ಮಾಸದಲ್ಲಿ ಅದರ ಸ್ಥಾನಕ್ಕೆ ಆಂಡಾಳಿನ ತಿರುಪ್ಪಾವೈ ಬರುತ್ತದೆ. ಅದರಲ್ಲಿ ವ್ರತ ಹಿಡಿದ ಹುಡುಗಿಯರು ಸ್ವಾಮಿಯ ಬಾಗಿಲಿಗೆ ನೇರವಾಗಿ ಹೋಗದೆ, ಇನ್ನೂ ನಿದ್ರಿಸುತ್ತಿರುವ ಗೆಳತಿಯರನ್ನು ಮನೆಮನೆಯಿಂದ ಎಬ್ಬಿಸಿ, ಕೆಲವರನ್ನು ಹಾಸ್ಯಮಾಡಿ, ಕೆಲವರನ್ನು ಗದರಿಸಿ, ಜೊತೆಗೆ ಕರೆದುಕೊಂಡು ಹೋಗುತ್ತಾರೆ. ನಿಯಮವನ್ನು ಆಚರಿಸಬೇಕೆನ್ನುವವರಿಗೆ ನಾನು ಕಂಡ ಮಾರ್ಗಗಳಲ್ಲಿ ಇದೇ ಹೆಚ್ಚು ಸುಖಕರವಾದುದು. ದಿಂಬಿನ ಪಕ್ಕದಲ್ಲಿರುವ ಮೊಬೈಲಿಗೆ ಇಂತಹ ಹಟವೆಲ್ಲಿ? ಒಂದು ಬೆರಳನ್ನು ಸೋಕಿಸಿದರೆ ಅದು ಸುಮ್ಮನಾಗಿಬಿಡುತ್ತದೆ. ಲಾಂಪೆಯ ಬಾಯನ್ನು ಹಾಗೆ ಮುಚ್ಚಿಸಲಾಗುತ್ತಿರಲಿಲ್ಲ.

ಇನ್ನು ನಮ್ಮ ಮನೆಗಳ ಮಾತು. ಹೊಸಲಿಗೆ ನೀರು ಹಾಕಿ, ರಂಗವಲ್ಲಿ ಇಟ್ಟು, ಹಂಡೆಯ ಒಲೆಗೆ ಉರಿ ಮಾಡಿ, ಡಿಕಾಕ್ಷನ್ ಇಳಿಸಿದವಳ ಹೆಸರು ಯಾವ ಶೀಲಸಂವರ್ಧನೆಯ ಗ್ರಂಥದಲ್ಲಿಯೂ ಕಾಣುವುದಿಲ್ಲ. ಅವಳು ಏಳುವುದನ್ನು ಯಾರೂ ಸಾಧನೆಯೆಂದು ಎಣಿಸಿಲ್ಲ, ಐದು ಪೌಂಡುಗಳನ್ನಂತೂ ಕೊಟ್ಟಿಲ್ಲ.

ನಮ್ಮ ಬಂಧುಗಳಲ್ಲಿ ಹಿರಿಯರೊಬ್ಬರಿದ್ದಾರೆ. ಅರುಣೋದಯಕ್ಕೆ ಮುಂಚೆಯೇ ಸ್ನಾನ, ಅನಂತರ ಜಪ, ಪಾರಾಯಣ. ವರ್ಷಗಳಿಂದ ತಪ್ಪಿದ್ದಿಲ್ಲವೆಂದು ಅವರಿಗೂ ಹೆಮ್ಮೆ, ನಮಗೂ ಹೆಮ್ಮೆ. ಬಚ್ಚಲ ಬಾಗಿಲಲ್ಲಿ ಸೊಸೆ ನಿಂತು, “ಮಾವಾ, ನೀರು ಕಾದಿದೆ” ಎನ್ನುವುದು ಈ ವ್ರತದ ಒಂದು ಅಂಗವೆಂದು ಯಾರೂ ಭಾವಿಸಿರಲಿಲ್ಲ. ಆಕೆ ಬಾಣಂತನಕ್ಕೆಂದು ತವರಿಗೆ ಹೋದಳು. ಹೋದ ವಾರದಿಂದಲೇ ಹಿರಿಯರ ಜಪವು ಏಳು ಗಂಟೆಗೆ ಸರಿಯಿತು. ಕೇಳಿದವರಿಗೆಲ್ಲ ಅವರು, ಬೇಗನೆ ಏಳಬೇಕೆಂದು ವಾಗ್ಭಟನು ವಿಧಿಸಿರುವುದು ಆರೋಗ್ಯವಂತರಿಗೆ ಮಾತ್ರವೆಂದೂ ತಮಗೆ ಸ್ವಲ್ಪ ನೆಗಡಿಯೆಂದೂ ಸಮಾಧಾನ ಹೇಳಿದರು. ಆ ನೆಗಡಿ ತಿಂಗಳುಗಟ್ಟಲೆ ಇದ್ದಿತು. ಸೊಸೆ ಮಗುವನ್ನೆತ್ತಿಕೊಂಡು ಮರಳಿ ಬಂದಳು. ಮಗು ಮೂರೂವರೆಗೇ ಎದ್ದು ಮನೆಯನ್ನೆಲ್ಲ ಎಬ್ಬಿಸತೊಡಗಿತು. ರಾತ್ರಿಯೆಲ್ಲ ನಿದ್ದೆಗೆಟ್ಟ ತಾಯಿ ಬೆಳಗಿನ ಜಾವ ಒಂದಿಷ್ಟು ಕಣ್ಣುಮುಚ್ಚಲೆಂದು ಹಿರಿಯರೇ ಈಗ ತೊಟ್ಟಿಲು ತೂಗುತ್ತ ಜಪ ಮಾಡುತ್ತಾರೆ, ಹಂಡೆಯ ಒಲೆಗೆ ಅವರೇ ಉರಿ ಹಾಕುತ್ತಾರೆ. ಸೌದೆ ಹಸಿಯಾಗಿದೆ, ಹೊಗೆ ಕಣ್ಣಿಗೆ ಬಡಿಯುತ್ತದೆ, ಇಷ್ಟು ದಿನ ಇದನ್ನು ಯಾರೂ ತಮಗೆ ಹೇಳಲೇ ಇಲ್ಲ ಎಂಬುದು ಅವರ ಇತ್ತೀಚಿನ ದೂರು.