ಮಧ್ಯದ ಪ್ಲಗ್

ಆಯುಧಪೂಜೆಯ ಹಿಂದಿನ ದಿನ ಅಪ್ಪನ ಮಾರುತಿ 800 ಕಾರನ್ನು ನಾನೇ ಸರ್ವಿಸ್ ಮಾಡುತ್ತೇನೆಂದು ಹೊರಟೆ. ಆ ಕಾರು ಮೆಕ್ಯಾನಿಕ್ ಕೈಗೆ ಹೋಗುತ್ತಿದ್ದುದೇ ಅಪರೂಪ. ಎಣ್ಣೆ ಬದಲಿಸುವುದು, ಪ್ಲಗ್ ತೊಳೆದು ಹಾಕುವುದು, ಫಿಲ್ಟರಿನ ಧೂಳು ಕೊಡವುವುದು ಎಲ್ಲ ಅಪ್ಪನದೇ ಕೆಲಸ. ಆ ವರ್ಷ ಅವರಿಗೆ ಸೊಂಟ ಹಿಡಿದುಕೊಂಡಿತ್ತು. 'ಪ್ಲಗ್ ಮೊದಲು ಕೈಯಲ್ಲೇ ತಿರುಗಿಸು' ಎಂದಷ್ಟೇ ಹೇಳಿ ಜಗಲಿಯ ಮೇಲೆ ಕೂತರು. 'ಗೊತ್ತು ಬಿಡಿ' ಅಂದೆ.

ಮೂರು ಸಿಲಿಂಡರಿನ ಎಂಜಿನ್, ಮೂರೇ ಪ್ಲಗ್. ಬದಿಯ ಎರಡೂ ಸಲೀಸಾಗಿ ಕೂತವು. ಮಧ್ಯದ್ದು ಒಂದೂವರೆ ಸುತ್ತಿಗೇ ಬಿಗಿಯಿತು. ಬಿಚ್ಚಿ ನೋಡಬೇಕಿತ್ತು. ಕತ್ತಲಾಗುತ್ತಿತ್ತು, ಕಾರು ತೊಳೆಯುವುದು ಇನ್ನೂ ಬಾಕಿ. ಒಳಗೆ ಕಾರ್ಬನ್ ಕಟ್ಟಿರಬೇಕು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು ಸ್ಪ್ಯಾನರ್ ಹಾಕಿದೆ. ಅದಕ್ಕೂ ಜಗ್ಗಲಿಲ್ಲ. ಸ್ಪ್ಯಾನರಿನ ಹಿಡಿಗೆ ಒಂದಡಿ ಪೈಪು ಸಿಕ್ಕಿಸಿ ಎಳೆದೆ. ಕಿರ್ರ್ ಅಂತು. ಆಮೇಲೆ ಬಿಗಿಯೇ ಇಲ್ಲ, ಬೆಣ್ಣೆಗೆ ಇಳಿದಂತೆ ಇಳಿಯಿತು. ಗಾಬರಿಯಿಂದ ಹೊರತೆಗೆದು ನೋಡಿದರೆ ಪ್ಲಗ್ಗಿನ ಹಲ್ಲುಗಳ ಸಂದಿಯಲ್ಲಿ ಬೆಳ್ಳಿ ಜರಿಯಂಥ ಎಳೆ ಸುತ್ತಿಕೊಂಡಿತ್ತು. ಅದು ಎಂಜಿನ್ನಿನ ಥ್ರೆಡ್.

ಪ್ಲಗ್ಗಿನ ಮೈ ಉಕ್ಕು, ಅದು ಕೂರುವ ಹೆಡ್ ಅಲ್ಯೂಮಿನಿಯಂ. ಪ್ಲಗ್ಗಿನ ದಪ್ಪ 14 ಮಿಲಿಮೀಟರ್, ಒಂದು ಸುತ್ತಿಗೆ ಒಳಗಿಳಿಯುವುದು 1.25 ಮಿಲಿಮೀಟರ್. ಅಷ್ಟು ಸಣ್ಣ ಹಲ್ಲುಗಳಲ್ಲಿ ಪ್ಲಗ್ ಕೊಂಚ ವಾಲಿ ಹೊಕ್ಕರೂ ಸಾಕು, ಇದ್ದ ಥ್ರೆಡ್ ಬಿಟ್ಟು ತನ್ನದೇ ದಾರಿ ಕೊರೆದುಕೊಂಡು ಹೋಗುತ್ತದೆ. ಇದನ್ನೆಲ್ಲ ನಾನು ಪುಸ್ತಕದಲ್ಲಿ ಓದಿದ್ದೆ.

'ಆಯ್ತಾ?' ಅಂತ ಅಪ್ಪ ಜಗಲಿಯಿಂದ ಕೇಳಿದರು. ನಲ್ಲಿಗೆ ಸುತ್ತುವ ಬಿಳಿ ಟೇಪನ್ನು ಪ್ಲಗ್ಗಿಗೆ ಸುತ್ತಿ, ನಿಲ್ಲುವಷ್ಟು ಬಿಗಿದು, 'ಆಯ್ತು' ಅಂದೆ. ಎಂಜಿನ್ ಶುರುವಾಯಿತು. ಮಧ್ಯದಿಂದ ಚುಸ್ ಚುಸ್ ಎಂಬ ಸಣ್ಣ ಸದ್ದು ಬರುತ್ತಿತ್ತು. ನನಗೆ ಕೇಳಿಸಿತು. ಬಾನೆಟ್ ಮುಚ್ಚಿದೆ.

ಮರುದಿನ ಸ್ಪ್ಯಾನರುಗಳಿಗೆಲ್ಲ ಕುಂಕುಮವಿಟ್ಟೆವು. ಕಾರಿಗೆ ಚೆಂಡುಹೂವಿನ ಹಾರ ಹಾಕಿ, ಬೂದುಗುಂಬಳ ಒಡೆದು, ಚಕ್ರದಡಿ ನಿಂಬೆಹಣ್ಣಿಟ್ಟು ದೇವಸ್ಥಾನಕ್ಕೆ ಹೊರಟೆವು. ನಾನೇ ಓಡಿಸುತ್ತಿದ್ದೆ. ಏರಿನಲ್ಲಿ ಢಂ ಎಂದಿತು. ಕಾರು ಗಡಗಡ ನಡುಗಿ ನಿಂತಿತು. ಪ್ಲಗ್ ಕಿತ್ತುಕೊಂಡು ಬಾನೆಟ್ಟಿಗೆ ಬಡಿದಿತ್ತು. ಅಮ್ಮ ಚೀರಿದರು. ಟೈರ್ ಸಿಡಿಯಿತೆಂದು ಅಪ್ಪ ಇಳಿದರು. ಮುಂದಿನ ಚಕ್ರದ ಬಳಿ ಬಾಗಿದರು, ಹಿಂದಿನದರ ಬಳಿ ಬಾಗಿದರು, ಸೊಂಟ ಹಿಡಿದುಕೊಂಡು ಆ ಬದಿಗೆ ಹೋಗಿ ಮತ್ತೆ ಎರಡು ಸಲ ಬಾಗಿದರು. ಅವರು ನಾಲ್ಕೂ ಟೈರ್ ಮುಟ್ಟಿ ಮುಗಿಸುವವರೆಗೆ ನಾನು ಸ್ಟಿಯರಿಂಗ್ ಹಿಡಿದು ಕೂತೇ ಇದ್ದೆ. ಏನಾಗಿದೆಯೆಂದು ಆ ರಸ್ತೆಯಲ್ಲಿ ಗೊತ್ತಿದ್ದವನು ನಾನೊಬ್ಬನೇ.

ಆಮೇಲೆ ಹೇಳಿದೆ. ಅಪ್ಪ 'ಹೂಂ' ಅಂದರು, ಅಷ್ಟೇ. ಬೈದಿದ್ದರೆ ಒಳ್ಳೆಯದಿತ್ತು.

ಹಬ್ಬ ಮುಗಿದ ಮೇಲೆ ಕಾರನ್ನು ಹಗ್ಗ ಕಟ್ಟಿ ಲೇತ್ ಅಂಗಡಿಯೊಂದಕ್ಕೆ ಎಳೆಸಿದೆವು. ಅಲ್ಲಿನ ಹಿರಿಯರು ಪಿಸ್ಟನ್ನನ್ನು ಕೆಳಗಿಳಿಸಿಕೊಂಡು, ಥ್ರೆಡ್ ಕೊರೆಯುವ ಟ್ಯಾಪಿನ ತೋಡುಗಳಿಗೆ ಗ್ರೀಸ್ ತುಂಬಿದರು. ಕತ್ತರಿಸಿದ ಚೂರು ಒಳಗೆ ಬೀಳದೆ ಗ್ರೀಸಿಗೇ ಅಂಟಲಿ ಅಂತ. ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ಪ್ರತಿ ಸಲ ಟ್ಯಾಪ್ ಹೊರತೆಗೆದು ಒರೆಸಿ, ಮತ್ತೆ ಗ್ರೀಸ್. ತೂತು ದೊಡ್ಡದಾದ ಮೇಲೆ ಸ್ಪ್ರಿಂಗಿನಂಥ ಉಕ್ಕಿನ ಸುರುಳಿಯೊಂದನ್ನು ಅದರೊಳಗೆ ತಿರುಗಿಸಿ ಕೂರಿಸಿದರು. ಆ ಸುರುಳಿಯ ಒಳಮೈಯೇ ಹೊಸ ಥ್ರೆಡ್. ಆಮೇಲೆ ಪ್ಲಗ್ಗಿನ ತಲೆಗೆ ಗೇಣುದ್ದದ ರಬ್ಬರ್ ಪೈಪು ಸಿಕ್ಕಿಸಿ ನನ್ನ ಕೈಗೇ ಕೊಟ್ಟರು. 'ಮೊದಲು ಹಿಂದಕ್ಕೆ ತಿರುಗಿಸು. ಟಿಕ್ ಅಂತ ಒಂದು ಕಡೆ ಇಳಿಯುತ್ತೆ, ಅಲ್ಲಿಂದ ಮುಂದಕ್ಕೆ. ವಾಲಿದ್ದರೆ ಪೈಪೇ ಜಾರುತ್ತೆ, ಥ್ರೆಡ್ ಉಳಿಯುತ್ತೆ.' ಟಿಕ್ ಎಂದದ್ದು ಬೆರಳಿಗೆ ತಿಳಿಯಿತು.

ಅಂದು ಒಂದೂವರೆ ಸುತ್ತಿಗೂ ಬೆರಳಿಗೆ ತಿಳಿದಿತ್ತು. ತಿಳಿಯದೆ ಮಾಡಿದ ತಪ್ಪೆಂದು ಹೇಳಿಕೊಳ್ಳುವ ಹಾಗೇ ಇಲ್ಲ. ಬೆರಳು ಹೇಳಿದ್ದನ್ನು ಪೈಪು ಹಾಕಿ ಅಡಗಿಸಿದೆ, ಪ್ಲಗ್ ಹೇಳಿದ್ದನ್ನು ಟೇಪು ಸುತ್ತಿ ಅಡಗಿಸಿದೆ. ಕೆಟ್ಟ ಥ್ರೆಡ್ಡನ್ನು ಆ ಹಿರಿಯರು ಮಧ್ಯಾಹ್ನದೊಳಗೆ ಸರಿಮಾಡಿದರು. ನೋಯುವ ಸೊಂಟದಲ್ಲಿ ಅಪ್ಪ ನಾಲ್ಕು ಸಲ ಬಾಗಿದ್ದು ಮಾತ್ರ ಈಗಲೂ, ಯಾರಾದರೂ ಟೈರಿನ ಪಕ್ಕ ಕುಕ್ಕರಗಾಲಲ್ಲಿ ಕೂತರೆ ಸಾಕು, ಕಣ್ಣಿಗೆ ಕಟ್ಟುತ್ತದೆ.

ಆ ಸುರುಳಿ ಮತ್ತೆಂದೂ ಸಡಿಲವಾಗಲಿಲ್ಲ. ಮುಂದಿನ ವರ್ಷಗಳಲ್ಲಿ ಪ್ಲಗ್ ಬದಲಿಸುವಾಗ ಅಪ್ಪ ಬದಿಯ ಎರಡನ್ನು ನನಗೆ ಬಿಟ್ಟು, ಮಧ್ಯದ್ದನ್ನು ಕಾರು ಮಾರುವವರೆಗೂ ತಾವೇ ಹಾಕಿದರು.